ಬೀನ್ಸ್: ಯಾವ ತಳಿ, ಎಷ್ಟು ಅಂತರ? ಪದೇ ಪದೇ ಕೇಳುವ ಪ್ರಶ್ನೆಗಳು

ಬೀನ್ಸ್ ಬೆಳೆಯುವವರು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ಹೆಚ್ಚಾಗಿ ಕೇಳುವುದು ಎರಡೇ ಸಂಗತಿ. ಬೀಜ ಎಷ್ಟು ದೂರಕ್ಕೆ ಹಾಕಲಿ? ಯಾವ ತಳಿ ತಗೊಳ್ಳಲಿ? ಇವನ್ನು ಎರಡು ಬೇರೆ ಪ್ರಶ್ನೆಗಳಂತೆ ಕೇಳುತ್ತಾರೆ. ನನ್ನ ಪ್ರಕಾರ ಇವು ಒಂದೇ ಪ್ರಶ್ನೆ. ತಳಿ ಯಾವುದು ಎಂದು ಗೊತ್ತಾಗದೆ ಅಂತರ ಹೇಳಲು ಬರುವುದಿಲ್ಲ. ಆದ್ದರಿಂದ ಉತ್ತರಗಳನ್ನೂ ಒಟ್ಟಿಗೇ ಇಟ್ಟಿದ್ದೇನೆ.

ಇಲ್ಲಿ ಬೀನ್ಸ್ ಎಂದರೆ ಹಸಿಕಾಯಿಗೆ ಬೆಳೆಯುವ ಹುರುಳಿಕಾಯಿ ಮತ್ತು ಒಣ ಕಾಳಿಗೆ ಬೆಳೆಯುವ ರಾಜ್ಮಾ. ಎರಡೂ ಒಂದೇ ಜಾತಿಯ ಗಿಡ. ಅವರೆ, ಅಲಸಂದೆ, ಹುರುಳಿಕಾಳು ಬೇರೆ ಜಾತಿಗಳು. ಇಲ್ಲಿನ ಲೆಕ್ಕವನ್ನು ಅವಕ್ಕೆ ಹಚ್ಚಬೇಡಿ.

## ಮೊದಲು ತಿಳಿಯಬೇಕಾದದ್ದು

ಗಿಡ ಜಾಸ್ತಿ ಹಾಕಿದ್ರೆ ಕಾಯಿ ಜಾಸ್ತಿ ಬರಬೇಕು ಅಲ್ವಾ?

ಒಂದು ಹಂತದವರೆಗೆ ಹೌದು. ಗಿಡಗಳು ತೀರಾ ದೂರ ಇದ್ದಾಗ ಬಿಸಿಲು ಎಲೆಯ ಮೇಲೆ ಬೀಳುವ ಬದಲು ಬರೀ ಮಣ್ಣಿನ ಮೇಲೆ ಬೀಳುತ್ತದೆ. ಆ ಬಿಸಿಲಿನಿಂದ ಬೆಳೆಗೆ ಏನೂ ಸಿಗುವುದಿಲ್ಲ, ಕಳೆಗೆ ಸಿಗುತ್ತದೆ. ಆಗ ಸೇರಿಸಿದ ಪ್ರತಿ ಗಿಡವೂ ಇಳುವರಿ ಹೆಚ್ಚಿಸುತ್ತದೆ. ಎಲೆಗಳು ನೆಲವನ್ನು ಪೂರ್ತಿ ಮುಚ್ಚಿದ ಮೇಲೆ ಕಥೆ ಬೇರೆ. ಅಲ್ಲಿಂದ ಮುಂದೆ ಹೊಸ ಗಿಡ ಹೊಸ ಬಿಸಿಲನ್ನು ತರುವುದಿಲ್ಲ, ಪಕ್ಕದ ಗಿಡದ ಪಾಲನ್ನು ತೆಗೆದುಕೊಳ್ಳುತ್ತದೆ.

ಇಳುವರಿಯನ್ನು ನಾಲ್ಕು ಅಂಕಿಗಳ ಗುಣಾಕಾರ ಎಂದು ನೋಡಿ: ಚದರ ಮೀಟರಿಗೆ ಗಿಡ, ಗಿಡಕ್ಕೆ ಕಾಯಿ, ಕಾಯಿಗೆ ಕಾಳು, ಒಂದು ಕಾಳಿನ ತೂಕ. ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ ಕೊಡುತ್ತೇನೆ. ಚದರ ಮೀಟರಿಗೆ 25 ಗಿಡ, ಗಿಡಕ್ಕೆ 10 ಕಾಯಿ, ಕಾಯಿಗೆ 5 ಕಾಳು, ಕಾಳಿಗೆ 0.2 ಗ್ರಾಂ ಎಂದುಕೊಳ್ಳಿ. ಒಟ್ಟು 250 ಗ್ರಾಂ, ಅಂದರೆ ಹೆಕ್ಟೇರಿಗೆ 2.5 ಟನ್. ಈಗ ಗಿಡ 40 ಮಾಡಿ. ಇಕ್ಕಟ್ಟಿನಲ್ಲಿ ಗಿಡಕ್ಕೆ ಆರೂವರೆ ಕಾಯಿಯಷ್ಟೇ ನಿಂತಿತು, ಕಾಯಿಗೆ 4.8 ಕಾಳಾಯಿತು ಎಂದರೆ ಮತ್ತೆ ಅದೇ 250 ಗ್ರಾಂ ಹತ್ತಿರಕ್ಕೆ ಬರುತ್ತದೆ. ಬೀಜಕ್ಕೆ ಖರ್ಚು ಮಾತ್ರ ಒಂದೂವರೆ ಪಟ್ಟಿಗಿಂತ ಜಾಸ್ತಿ.

ನಾಲ್ಕರಲ್ಲಿ ಸುಲಭವಾಗಿ ಏರಿಳಿಯುವುದು ಗಿಡಕ್ಕೆ ಎಷ್ಟು ಕಾಯಿ ಎನ್ನುವುದು. ಜಾಗ ಸಿಕ್ಕರೆ ಗಿಡ ಕವಲೊಡೆಯುತ್ತದೆ, ಕಾಯಿ ಹೆಚ್ಚುತ್ತದೆ. ಕಾಯಿಗೆ ಎಷ್ಟು ಕಾಳು, ಕಾಳಿನ ತೂಕ ಎಷ್ಟು ಎನ್ನುವುದು ಬಹುಮಟ್ಟಿಗೆ ತಳಿಯ ಗುಣ. ಅಂತರ ಬದಲಿಸಿ ಅವನ್ನು ಹೆಚ್ಚು ಅಲ್ಲಾಡಿಸಲು ಆಗುವುದಿಲ್ಲ.

ಮೊದಲು ಅಂತರ ತೀರ್ಮಾನ ಮಾಡಬೇಕಾ, ತಳಿನಾ?

ತಳಿ. ಅದರಲ್ಲೂ ಮೊದಲು ನೋಡಬೇಕಾದದ್ದು ತಳಿಯ ಹೆಸರಲ್ಲ, ಗಿಡ ಬೆಳೆಯುವ ರೀತಿ. ಬೀನ್ಸ್ ಗಿಡಗಳನ್ನು ಬೆಳವಣಿಗೆ ನೋಡಿ ನಾಲ್ಕು ಗುಂಪು ಮಾಡುತ್ತಾರೆ. ಈ ನಾಲ್ಕು ಗೊತ್ತಿದ್ದರೆ ಅಂತರದ ಅರ್ಧ ಗೊಂದಲ ಕಳೆಯುತ್ತದೆ.

ಒಂದನೇ ಗುಂಪು ಗಿಡ್ಡ ಪೊದೆ. ಕಾಂಡದ ತುದಿಯಲ್ಲೇ ಹೂಗೊಂಚಲು ಬಂದು ಗಿಡದ ಎತ್ತರ ಅಲ್ಲಿಗೆ ನಿಲ್ಲುತ್ತದೆ. ಹೂವೆಲ್ಲ ಕೆಲವೇ ದಿನಗಳಲ್ಲಿ ಬಿಟ್ಟು ಮುಗಿಯುತ್ತದೆ. ಎರಡನೇ ಗುಂಪು ನೆಟ್ಟಗೆ ನಿಲ್ಲುವ ಪೊದೆ. ಹೂ ಬಿಟ್ಟ ಮೇಲೂ ಕುಡಿ ಬೆಳೆಯುತ್ತದೆ, ಆದರೆ ಕವಲುಗಳು ಕಾಂಡಕ್ಕೆ ಅಂಟಿಕೊಂಡಂತೆ ಮೇಲಕ್ಕೇ ಹೋಗುತ್ತವೆ. ಮೂರನೆಯದು ನೆಲದ ಮೇಲೆ ಹರಡುವ ಜಾತಿ. ಕವಲು ಜಾಸ್ತಿ, ಕುಡಿ ಉದ್ದ, ಪಕ್ಕದಲ್ಲಿ ಏನಾದರೂ ಸಿಕ್ಕರೆ ಸುತ್ತಿಕೊಳ್ಳುತ್ತದೆ. ನಾಲ್ಕನೆಯದು ನಿಜವಾದ ಬಳ್ಳಿ. ಊರುಗೋಲು ಇಲ್ಲದೆ ಅದು ಬೆಳೆಯೇ ಅಲ್ಲ.

ಒಂದನೇ ಗುಂಪಿನ ಗಿಡಕ್ಕೆ ಖಾಲಿ ಜಾಗ ಕೊಟ್ಟರೆ ಅದನ್ನು ತುಂಬಿಕೊಳ್ಳುವ ಶಕ್ತಿ ಕಡಿಮೆ. ಹಾಗಾಗಿ ಹತ್ತಿರ ಹಾಕಬೇಕು. ಮೂರನೇ ಗುಂಪಿನ ಗಿಡ ತಾನೇ ಹರಡಿ ಜಾಗ ತುಂಬುತ್ತದೆ. ಅದನ್ನು ಹತ್ತಿರ ಹಾಕಿದರೆ ಗೋಜಲಾಗುತ್ತದೆ, ಕಾಯಿ ಒದ್ದೆ ನೆಲಕ್ಕೆ ತಾಗಿ ಕೊಳೆಯುತ್ತದೆ. ಒಂದೇ ಅಂತರದಲ್ಲಿ ಈ ಎರಡನ್ನೂ ಬಿತ್ತಿ ಹೋಲಿಸುವವರು ಯಾವುದೋ ಒಂದಕ್ಕೆ ಅನ್ಯಾಯ ಮಾಡುತ್ತಿರುತ್ತಾರೆ.

ಅದೆಲ್ಲ ಸರಿ, ಒಂದು ಅಂಕಿ ಹೇಳಿ

ಗಿಡ್ಡ ಪೊದೆಗೆ ಚದರ ಮೀಟರಿಗೆ 25ರಿಂದ 35 ಗಿಡ. ನೆಟ್ಟಗೆ ನಿಲ್ಲುವ ಪೊದೆಗೆ 20ರಿಂದ 30. ಹರಡುವ ಜಾತಿಗೆ 15ರಿಂದ 25. ಬಳ್ಳಿಗೆ 8ರಿಂದ 15. ಇವು ಶುರು ಮಾಡಲು ಸಾಕಾಗುವ ಅಂಕಿಗಳು, ಕಟ್ಟಪ್ಪಣೆಯಲ್ಲ. ಒಂದನೇ ಗುಂಪಿನಲ್ಲೂ ದಪ್ಪ ಕಾಳಿನ, ಅಗಲ ಎಲೆಯ ತಳಿಯಾದರೆ ಕೆಳಗಿನ ಅಂಕಿಯನ್ನೇ ಹಿಡಿಯಿರಿ.

ಅಂತರದಲ್ಲಿ ಹೇಳುವುದಾದರೆ, ಸಾಲಿಂದ ಸಾಲಿಗೆ 40 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಇದ್ದರೆ ಚದರ ಮೀಟರಿಗೆ 25 ಗಿಡ. 50ಕ್ಕೆ 10 ಆದರೆ 20 ಗಿಡ. ನಿಮ್ಮ ಅಂತರ ಬೇರೆ ಇದ್ದರೆ 10,000ವನ್ನು ಎರಡು ಅಂತರಗಳ ಗುಣಲಬ್ಧದಿಂದ ಭಾಗಿಸಿ.

ಹಸಿಕಾಯಿಗೆ ಒಂದು ಅಂತರ, ಕಾಳಿಗೆ ಒಂದು ಅಂತರ ಅಂತ ಇದೆಯಾ?

ಇದೆ, ಮತ್ತು ಅದು ಕೊಯ್ಲಿನ ರೀತಿಯಿಂದ ಬರುತ್ತದೆ. ಹಸಿಕಾಯಿಯನ್ನು ಯಂತ್ರದಿಂದ ಒಂದೇ ಸಲ ಕೀಳುವುದಾದರೆ ಹತ್ತಿರ ಹಾಕುವುದು ಒಳ್ಳೆಯದು. ಇಕ್ಕಟ್ಟಿನಲ್ಲಿ ಕವಲು ಕಡಿಮೆ, ಹಾಗಾಗಿ ಕಾಯಿಗಳೆಲ್ಲ ಹೆಚ್ಚುಕಡಿಮೆ ಒಂದೇ ವಯಸ್ಸಿನವು ಸಿಗುತ್ತವೆ. ಕೈಯಿಂದ ನಾಲ್ಕೈದು ಸಲ ಬಿಡಿಸುವುದಾದರೆ ಸಾಲುಗಳ ನಡುವೆ ಕಾಲಿಡಲು ಜಾಗ ಬೇಕೇ ಬೇಕು. ಇಲ್ಲದಿದ್ದರೆ ಪ್ರತಿ ಬಿಡಿಸುವಿಕೆಯಲ್ಲೂ ಕವಲು ಮುರಿಯುತ್ತದೆ. ಒಣ ಕಾಳಿಗೆ ಗಿಡ ಒಟ್ಟಿಗೆ ಒಣಗುವುದು ಮುಖ್ಯ. ತೀರಾ ವಿರಳ ಬಿತ್ತಿದರೆ ಕವಲುಗಳು ತಡವಾಗಿ ಕಾಯಿ ಬಿಟ್ಟು, ಕೆಳಗಿನ ಕಾಯಿ ಸಿಡಿಯುವಾಗ ಮೇಲಿನದು ಇನ್ನೂ ಹಸಿರಾಗಿರುತ್ತದೆ.

## ಬೀಜದ ಲೆಕ್ಕ, ಹೊಲದ ಲೆಕ್ಕ

ಎಕರೆಗೆ ಎಷ್ಟು ಕಿಲೊ ಬೀಜ ಬೇಕು?

ಕಿಲೊ ಲೆಕ್ಕದಲ್ಲಿ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಬೀನ್ಸ್ ಕಾಳಿನ ಗಾತ್ರ ತಳಿಯಿಂದ ತಳಿಗೆ ಅಷ್ಟು ಬದಲಾಗುತ್ತದೆ. ಚಿಕ್ಕ ಬಿಳಿ ನೇವಿ ಬೀನ್ಸ್ 100 ಕಾಳಿಗೆ 20 ಗ್ರಾಂ ಆಸುಪಾಸು. ದಪ್ಪ ಕೆಂಪು ಕಿಡ್ನಿ ಬೀನ್ಸ್ 50 ಗ್ರಾಂ ಅಥವಾ ಇನ್ನೂ ಜಾಸ್ತಿ. ಒಂದೇ ಕಿಲೊ ಬೀಜದಲ್ಲಿ ಒಂದು ಕಡೆ 5,000 ಕಾಳು, ಇನ್ನೊಂದು ಕಡೆ 2,000.

ಲೆಕ್ಕ ಹೀಗೆ ಮಾಡಿ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಚದರ ಮೀಟರಿಗೆ 25 ಗಿಡ ಬೇಕೆಂದರೆ ಎಕರೆಗೆ ಸುಮಾರು 1 ಲಕ್ಷ ಗಿಡ. ಹಾಕಿದ್ದೆಲ್ಲ ಹುಟ್ಟುವುದಿಲ್ಲ. ಮೊಳಕೆ ಪರೀಕ್ಷೆಯಲ್ಲಿ 100ಕ್ಕೆ 90 ಬಂತು, ಅದರಲ್ಲಿ ಹೊಲದಲ್ಲಿ ನಿಲ್ಲುವುದು 85 ಭಾಗ ಎಂದುಕೊಂಡರೆ, 0.90 ಗುಣಿಸು 0.85, ಅಂದರೆ 0.765. ಒಂದು ಲಕ್ಷವನ್ನು ಇದರಿಂದ ಭಾಗಿಸಿದರೆ ಸುಮಾರು 1.3 ಲಕ್ಷ ಕಾಳು ಬೇಕು. ಚಿಕ್ಕ ಕಾಳಾದರೆ 26 ಕಿಲೊ. ದಪ್ಪ ಕಾಳಾದರೆ 65 ಕಿಲೊ.

ಒಬ್ಬರು ಹೇಳಿದ ಕಿಲೊ ಅಂಕಿಯನ್ನು ಇನ್ನೊಬ್ಬರು ಬೇರೆ ತಳಿಗೆ ಹಚ್ಚಿದಾಗ ಆಗುವ ಅನಾಹುತ ಇದೇ. ಚಿಕ್ಕ ಕಾಳಿನ ತಳಿ ಕಿಕ್ಕಿರಿದು ಬೆಳೆಯುತ್ತದೆ, ಅಥವಾ ದಪ್ಪ ಕಾಳಿನದು ಅಲ್ಲೊಂದು ಇಲ್ಲೊಂದು ನಿಲ್ಲುತ್ತದೆ. ಆಮೇಲೆ ಬೈಗುಳ ತಳಿಗೆ ಬೀಳುತ್ತದೆ. ದಯವಿಟ್ಟು ಬಿತ್ತುವ ಮೊದಲು 100 ಕಾಳು ಎಣಿಸಿ ತೂಕ ಮಾಡಿ.

ಮೊಳಕೆ ಪರೀಕ್ಷೆ ಮನೆಯಲ್ಲೇ ಮಾಡಬಹುದಾ?

ಸುಲಭವಾಗಿ. ಆರಿಸದೆ 100 ಕಾಳು ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿ, ತೇವ ಆರದಂತೆ ಒಂದು ವಾರ ಇಡಿ. ಬೇರೂ ಚಿಗುರೂ ಎರಡೂ ಸರಿಯಾಗಿ ಬಂದವನ್ನು ಮಾತ್ರ ಎಣಿಸಿ. ಬೇರು ಮಾತ್ರ ಬಂದದ್ದು ಲೆಕ್ಕಕ್ಕಿಲ್ಲ.

ಬೀಜ ಲೆಕ್ಕ ಹಾಕಿಯೇ ಬಿತ್ತಿದ್ದೆ, ಅರ್ಧ ಹುಟ್ಟಲೇ ಇಲ್ಲ. ಯಾಕೆ?

ಬೀನ್ಸ್ ಹುಟ್ಟುವ ರೀತಿಯೇ ಸ್ವಲ್ಪ ಕಷ್ಟದ್ದು. ಕಾಳಿನ ಎರಡು ಬೇಳೆಗಳನ್ನೂ ಹೊತ್ತುಕೊಂಡು ಸಸಿ ಮಣ್ಣನ್ನು ಸೀಳಿ ಮೇಲೆ ಬರಬೇಕು. ಕಾಂಡ ಕೊಕ್ಕೆಯ ಹಾಗೆ ಬಾಗಿ ಬೇಳೆಗಳನ್ನು ಎಳೆದು ತರುತ್ತದೆ. ಮಳೆ ಬಿದ್ದು ಮೇಲ್ಮಣ್ಣು ಹೆಪ್ಪುಗಟ್ಟಿದರೆ ಕೊಕ್ಕೆ ಅಲ್ಲೇ ಮುರಿಯುತ್ತದೆ. 3ರಿಂದ 5 ಸೆಂ.ಮೀ. ಆಳ ಸಾಕು. ಅದಕ್ಕಿಂತ ಆಳಕ್ಕೆ ಹೋದರೆ ದಪ್ಪ ಕಾಳಿನ ತಳಿಗೂ ಕಷ್ಟ.

ತಣ್ಣನೆಯ ನೆಲವೂ ಕಾರಣ. ಮಣ್ಣಿನ ಉಷ್ಣತೆ 15 ಡಿಗ್ರಿಗಿಂತ ಕಡಿಮೆ ಇದ್ದರೆ ಕಾಳು ನೀರು ಕುಡಿದು ಸುಮ್ಮನೆ ಕೂರುತ್ತದೆ. ಅಷ್ಟರಲ್ಲಿ ಬೇರುಕೊಳೆಯ ಶಿಲೀಂಧ್ರಗಳೋ ಬೀಜ ತಿನ್ನುವ ಹುಳುವೋ ಅದನ್ನು ಮುಗಿಸಿರುತ್ತವೆ.

ಹೆಚ್ಚಿನವರು ಗಮನಿಸದ ಇನ್ನೊಂದು ಕಾರಣ ಇದೆ. ಬೀನ್ಸ್ ಕಾಳು ಅತಿಯಾಗಿ ಒಣಗಿದ್ದಾಗ ಬಲು ನಾಜೂಕು. ಮೂಟೆಯನ್ನು ಎತ್ತರದಿಂದ ಬಿಸಾಡಿದರೆ, ಯಂತ್ರದಲ್ಲಿ ವೇಗವಾಗಿ ಒಕ್ಕಿದರೆ ಒಳಗಿನ ಮೊಳಕೆಗೆ ಪೆಟ್ಟು ಬೀಳುತ್ತದೆ. ಸಿಪ್ಪೆ ಮೇಲೆ ಏನೂ ಕಾಣುವುದಿಲ್ಲ. ಬಿತ್ತಿದ ಮೇಲೆ ಬೇಳೆ ಮಾತ್ರ ಮೇಲೆ ಬಂದು ಕುಡಿ ಇಲ್ಲದ ಬೋಳು ಸಸಿಗಳು ನಿಲ್ಲುತ್ತವೆ. ಅವು ಜಾಗ ಹಿಡಿಯುತ್ತವೆ, ಕಾಯಿ ಕೊಡುವುದಿಲ್ಲ. ಬೀಜದ ಮೂಟೆಯನ್ನು ಮೊಟ್ಟೆಯ ಬುಟ್ಟಿಯಂತೆ ನೋಡಿಕೊಳ್ಳಿ.

ಒಂದೊಂದು ಗುಣಿಗೆ ಎರಡು ಮೂರು ಬೀಜ ಹಾಕಿದರೆ ನಷ್ಟವಾ?

ಬಳ್ಳಿ ಬೀನ್ಸ್‌ಗೆ ಇದೇ ಸರಿಯಾದ ಕ್ರಮ. ಒಂದು ಕೋಲಿಗೆ ಎರಡು ಮೂರು ಬಳ್ಳಿ ಹಬ್ಬುತ್ತವೆ. ಪೊದೆ ಬೀನ್ಸ್‌ಗೆ ಒಂದೊಂದಾಗಿ ಸಮನಾಗಿ ಹಾಕುವುದು ಮೇಲು. ಆದರೆ ಕೈಬಿತ್ತನೆಯಲ್ಲಿ ಕೂಲಿ ಉಳಿಸಲು 20 ಸೆಂ.ಮೀ.ಗೆ ಎರಡು ಬೀಜ ಹಾಕುವವರು ಇದ್ದಾರೆ. ಒಟ್ಟು ಗಿಡ ಅಷ್ಟೇ ಇದ್ದರೆ ಅದರಿಂದ ಆಗುವ ನಷ್ಟ ಸಣ್ಣದು. ಗುಣಿಗೆ ನಾಲ್ಕೈದು ಸುರಿಯುವುದು ಮಾತ್ರ ಬೇಡ.

ಗಿಡ ವಿರಳವಾಗಿ ಹುಟ್ಟಿದೆ. ಕಿತ್ತು ಮತ್ತೆ ಬಿತ್ತಲಾ?

ಅವಸರ ಮಾಡಬೇಡಿ. ಮೊದಲು ಎಣಿಸಿ. ಸಾಲಿನ ಅಂತರ 50 ಸೆಂ.ಮೀ. ಇದ್ದರೆ ಸಾಲಿನ ಉದ್ದಕ್ಕೆ 2 ಮೀಟರ್ ಅಳೆದರೆ ಅದೇ ಒಂದು ಚದರ ಮೀಟರ್. 40 ಸೆಂ.ಮೀ. ಇದ್ದರೆ ಎರಡೂವರೆ ಮೀಟರ್. ಹೊಲದ ಎಂಟು ಹತ್ತು ಕಡೆ, ಚೆನ್ನಾಗಿರುವಲ್ಲೂ ಕೆಟ್ಟಿರುವಲ್ಲೂ, ಹೀಗೆ ಎಣಿಸಿ ಸರಾಸರಿ ತೆಗೆಯಿರಿ.

ಗಿಡ ಅರ್ಧಕ್ಕೆ ಇಳಿದರೆ ಇಳುವರಿ ಅರ್ಧಕ್ಕೆ ಇಳಿಯುವುದಿಲ್ಲ. ಉಳಿದ ಗಿಡಗಳು ಕವಲೊಡೆದು ನಷ್ಟದ ಒಂದು ಭಾಗವನ್ನು ತುಂಬಿಕೊಡುತ್ತವೆ. ಹರಡುವ ಜಾತಿ ಹೆಚ್ಚು ತುಂಬುತ್ತದೆ, ಗಿಡ್ಡ ಪೊದೆ ಕಡಿಮೆ. ಜೊತೆಗೆ ಮರುಬಿತ್ತನೆ ಅಂದರೆ ಎರಡು ಮೂರು ವಾರ ತಡ, ಮತ್ತೊಮ್ಮೆ ಬೀಜದ ಖರ್ಚು, ಹೂ ಬಿಡುವ ಹೊತ್ತಿಗೆ ಬೇರೆ ಹವೆ. ಇರುವ ಗಿಡಗಳು ಸಮನಾಗಿ ಹರಡಿಕೊಂಡಿದ್ದರೆ ಬೇಕಾದ ಸಂಖ್ಯೆಯ ಅರ್ಧದವರೆಗೂ ನಾನು ಉಳಿಸಿಕೊಳ್ಳುವ ಕಡೆಗೇ ವಾಲುತ್ತೇನೆ. ಮಾರುದ್ದದ ಖಾಲಿ ಜಾಗಗಳಿದ್ದರೆ ಅಷ್ಟಕ್ಕೆ ಮಾತ್ರ ಬೇಗ ತೇಪೆ ಹಾಕಿ. ಹತ್ತು ದಿನ ಕಳೆದ ಮೇಲೆ ಹಾಕಿದ ತೇಪೆ ಗಿಡ ನೆರಳಲ್ಲೇ ಸೊರಗುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಚದರ ಮೀಟರಿಗೆ 22 ಇರಲೋ 28 ಇರಲೋ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಇರುವುದು ಸಮನಾಗಿ ಇದೆಯೇ ಎಂದು ನೋಡುವುದರಲ್ಲಿ ಲಾಭ ಜಾಸ್ತಿ.

## ತಳಿಯ ಆಯ್ಕೆ

ದಪ್ಪ ಕಾಳಿನ ತಳಿ ಹಾಕಿದರೆ ಇಳುವರಿ ಜಾಸ್ತಿ ಬರುತ್ತದಾ?

ಸಾಮಾನ್ಯವಾಗಿ ಇಲ್ಲ. ಪೊದೆ ತಳಿಗಳಲ್ಲಿ ಚಿಕ್ಕ ಕಾಳಿನವೇ ಒಟ್ಟು ತೂಕದಲ್ಲಿ ಮುಂದೆ ಇರುವುದು ಹೆಚ್ಚು. ಇದರ ಹಿಂದೆ ಈ ಬೆಳೆಯ ಹಳೆಯ ಚರಿತ್ರೆ ಇದೆ. ಕಾಡು ಬೀನ್ಸ್ ಅನ್ನು ಮನುಷ್ಯರು ಎರಡು ಕಡೆ ಬೇರೆ ಬೇರೆಯಾಗಿ ಪಳಗಿಸಿದರು. ಒಂದು ಮೆಕ್ಸಿಕೊ ಮತ್ತು ಅದರ ಸುತ್ತಲಿನ ಪ್ರದೇಶ. ಇನ್ನೊಂದು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು. ಮೆಕ್ಸಿಕೊ ಕಡೆಯ ವಂಶದಲ್ಲಿ ಕಾಳು ಚಿಕ್ಕದು ಅಥವಾ ಮಧ್ಯಮ. ಕಪ್ಪು ಬೀನ್ಸ್, ನೇವಿ, ಪಿಂಟೊ ಈ ಕಡೆಯವು. ಆಂಡಿಸ್ ವಂಶದಲ್ಲಿ ಕಾಳು ದಪ್ಪ. ಕಿಡ್ನಿ ಬೀನ್ಸ್ ಆ ಕಡೆಯದು.

ಆಂಡಿಸ್ ವಂಶದ ಪೊದೆ ತಳಿಗಳು ಬಹಳಷ್ಟು ಒಂದನೇ ಗುಂಪಿನವು. ಬೇಗ ಹೂ ಬಿಟ್ಟು ಬೇಗ ಮುಗಿಯುತ್ತವೆ. ಹೂ ಬಿಡುವ ವಾರ ಬಿಸಿಲು ಹೆಚ್ಚಾದರೆ ಎರಡನೇ ಅವಕಾಶ ಇಲ್ಲ. ಮೆಕ್ಸಿಕೊ ಕಡೆಯ ಎರಡನೇ, ಮೂರನೇ ಗುಂಪಿನ ತಳಿಗಳು ಹೂ ಬಿಡುವ ಅವಧಿ ಉದ್ದ. ಮೊದಲ ಹೂ ಉದುರಿದರೂ ಮುಂದಿನದು ಉಳಿಯುತ್ತದೆ. ಬಿಸಿ ಪ್ರದೇಶದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಹಾಗೆಂದು ದಪ್ಪ ಕಾಳು ಬಿಡಿ ಎನ್ನುತ್ತಿಲ್ಲ. ತಿನ್ನುವವರಿಗೆ ಅದೇ ಬೇಕಿದ್ದರೆ ಅದೇ ಬೆಳೆಯಬೇಕು. ಬೇಗ ಹೊಲ ಖಾಲಿ ಆಗಬೇಕೆಂದರೂ ಅದೇ ಒಳ್ಳೆಯದು. ಪಕ್ಕದವರ ಚಿಕ್ಕ ಕಾಳಿನ ಇಳುವರಿಗೆ ಅದನ್ನು ಹೋಲಿಸಿ ಬೇಸರ ಪಡಬೇಡಿ, ಅಷ್ಟೇ.

ಬಳ್ಳಿ ಬೀನ್ಸ್ ಎರಡು ಮೂರು ಪಟ್ಟು ಕೊಡುತ್ತೆ ಅಂತಾರೆ, ನಿಜಾನಾ?

ತಂಪಾದ, ಮಳೆ ಅಥವಾ ನೀರು ಚೆನ್ನಾಗಿರುವ ಜಾಗದಲ್ಲಿ ನಿಜ. ಪೊದೆ ನೆಲದ ಉದ್ದಗಲವನ್ನಷ್ಟೇ ಬಳಸುತ್ತದೆ, ಬಳ್ಳಿ ಎತ್ತರವನ್ನೂ ಬಳಸುತ್ತದೆ. ಎಲೆಗಳು ಮೆಟ್ಟಿಲು ಮೆಟ್ಟಿಲಾಗಿ ಬಿಸಿಲು ಹಿಡಿಯುತ್ತವೆ, ಹೂ ವಾರಗಟ್ಟಲೆ ಬರುತ್ತದೆ. ರುವಾಂಡಾದ ಎತ್ತರದ ಪ್ರದೇಶಗಳಲ್ಲಿ ಹೊಲಗಳು ತೀರಾ ಚಿಕ್ಕವು. ಅಲ್ಲಿ 1980ರ ದಶಕದಿಂದ ಸುಧಾರಿತ ಬಳ್ಳಿ ತಳಿಗಳು ಹರಡಿದ್ದು ಈ ಕಾರಣಕ್ಕೇ. ಕಡಿಮೆ ನೆಲದಲ್ಲಿ ಹೆಚ್ಚು ಕಾಳು ಬೇಕಿತ್ತು.

ಬೆಲೆಯೂ ಇದೆ. ಕೋಲು, ಹುರಿ, ಚಪ್ಪರ, ಕೂಲಿ. ಕಾಳಿಗೆ ಬಿಟ್ಟರೆ ಪೊದೆಗಿಂತ ತಿಂಗಳು ಒಪ್ಪತ್ತು ಜಾಸ್ತಿ ಕಾಯಬೇಕು. ಕೋಲು ಗಿಡ್ಡ ಹಾಕಿದರೆ ಲಾಭ ಅಲ್ಲೇ ಸೋರಿಹೋಗುತ್ತದೆ. ಎರಡು ಮೀಟರ್ ಹತ್ತುವ ಬಳ್ಳಿಗೆ ಒಂದು ಮೀಟರ್ ಕೋಲು ಕೊಟ್ಟರೆ ತುದಿಯಲ್ಲಿ ಗಂಟುಗಂಟಾಗಿ ನೆರಳು ಕಟ್ಟುತ್ತದೆ. ಬಳ್ಳಿಗೆ ಗಿಡಗಳ ಸಂಖ್ಯೆಗಿಂತ ಕೋಲಿನ ಎತ್ತರ ಮುಖ್ಯ ಎಂದರೆ ತಪ್ಪಾಗಲಾರದು.

ಹೂ ತುಂಬಾ ಬಿಟ್ಟಿತ್ತು, ಕಾಯಿ ನಿಲ್ಲಲಿಲ್ಲ. ಗಿಡ ಹತ್ತಿರ ಆಗಿದ್ದಕ್ಕಾ?

ಅದೂ ಇರಬಹುದು. ಆದರೆ ಮೊದಲು ಹವೆ ನೋಡಿ. ಬೀನ್ಸ್ ಒಳ್ಳೆಯ ವರ್ಷದಲ್ಲೂ ತನ್ನ ಹೂವಿನಲ್ಲಿ ಅರ್ಧಕ್ಕಿಂತ ಜಾಸ್ತಿ ಉದುರಿಸುತ್ತದೆ. ಅದು ರೋಗವಲ್ಲ, ಗಿಡದ ಸಹಜ ಲೆಕ್ಕ. ಹಗಲು 30 ಡಿಗ್ರಿ ದಾಟಿದರೆ, ರಾತ್ರಿಯೂ 20ಕ್ಕಿಂತ ಮೇಲೇ ಇದ್ದರೆ ಉದುರುವುದು ಹೆಚ್ಚುತ್ತದೆ. ರಾತ್ರಿಯ ಬಿಸಿ ಹಗಲಿನ ಬಿಸಿಗಿಂತ ಕೆಟ್ಟದ್ದು, ಪರಾಗವೇ ಕೆಡುತ್ತದೆ. ಅಂತರ ಬದಲಿಸಿ ಇದನ್ನು ಸರಿ ಮಾಡಲು ಆಗುವುದಿಲ್ಲ. ಬಿತ್ತನೆ ದಿನ ಅಥವಾ ತಳಿ ಬದಲಿಸಬೇಕು. ಕೆಳಗಿನ ಗಂಟುಗಳಲ್ಲಿ ಮಾತ್ರ ಕಾಯಿ ಇಲ್ಲ, ಮೇಲೆ ಚೆನ್ನಾಗಿದೆ ಎಂದರೆ ಆಗ ನೆರಳನ್ನು ಅನುಮಾನಿಸಿ.

ಬೇರೆ ಕಡೆ ಚೆನ್ನಾಗಿ ಬಂದ ತಳಿ ನನ್ನಲ್ಲಿ ಬರೀ ಎಲೆ ಬಿಟ್ಟಿತು, ಯಾಕೆ?

ಹಗಲಿನ ಉದ್ದ ಕಾರಣ ಇರಬಹುದು. ಬೀನ್ಸ್ ಮೂಲದಲ್ಲಿ ಹಗಲು ಚಿಕ್ಕದಾದಾಗ ಹೂ ಬಿಡುವ ಗಿಡ. ಕೆಲವು ತಳಿಗಳು ಈ ಸ್ವಭಾವ ಕಳೆದುಕೊಂಡು ಎಲ್ಲಿ ಬೇಕಾದರೂ ಹೂ ಬಿಡುತ್ತವೆ. ಕೆಲವು, ಅದರಲ್ಲೂ ಎತ್ತರದ ಪ್ರದೇಶದ ಬಳ್ಳಿಗಳು, ಹಗಲು ಉದ್ದ ಇದ್ದರೆ ಎಲೆ ಬಿಡುತ್ತಲೇ ಇರುತ್ತವೆ. ಸಾರಜನಕ ಜಾಸ್ತಿ ಆದರೂ ಹೀಗೇ ಕಾಣುತ್ತದೆ. ಹೊಸ ತಳಿಯನ್ನು ಮೊದಲ ವರ್ಷ ಒಂದೆರಡು ಸಾಲಿಗೆ ಮಿತಿ ಮಾಡಿ. ಆಯ್ಕೆಗೆ ಕೊರತೆಯಂತೂ ಇಲ್ಲ. ಕೊಲಂಬಿಯಾದ ಪಾಲ್ಮಿರಾದಲ್ಲಿರುವ ಬೀಜ ಸಂಗ್ರಹದಲ್ಲೇ 37,000ಕ್ಕೂ ಹೆಚ್ಚು ಬೀನ್ಸ್ ಮಾದರಿಗಳಿವೆ.

ನಮ್ಮ ಬೀಜ ನಾವೇ ಎತ್ತಿಡಬಹುದಾ?

ಇಡಬಹುದು. ಬೀನ್ಸ್ ಹೂ ಅರಳುವ ಹೊತ್ತಿಗೆ ತನ್ನದೇ ಪರಾಗದಿಂದ ಪರಾಗಸ್ಪರ್ಶ ಮುಗಿದಿರುತ್ತದೆ. ಹಾಗಾಗಿ ತಳಿ ಬೇಗ ಕೆಡುವುದಿಲ್ಲ. ಭಯ ಇರುವುದು ರೋಗದ್ದು. ಚಿಬ್ಬು ರೋಗ, ದುಂಡಾಣು ಅಂಗಮಾರಿ, ಮೊಸಾಯಿಕ್ ನಂಜು ಮೂರೂ ಬೀಜದ ಜೊತೆಯೇ ಮುಂದಿನ ಬೆಳೆಗೆ ದಾಟುತ್ತವೆ. ಕಲೆ ಇರುವ ಕಾಯಿಯಿಂದ ಬೀಜ ತೆಗೆಯಬೇಡಿ, ಸುರುಟಿದ ಎಲೆಯ ಗಿಡವನ್ನು ಬೀಜಕ್ಕೆ ಬಿಡಬೇಡಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಗಿಡ ಅಷ್ಟೇ ಇಟ್ಟು ಸಾಲು ಮಾತ್ರ ಹತ್ತಿರ ಮಾಡಿದರೆ ಪ್ರಯೋಜನ ಇದೆಯಾ?

ಇದೆ, ಮತ್ತು ಇದು ಸಾಕಷ್ಟು ಚರ್ಚೆಗೆ ಬಾರದ ವಿಷಯ. ಚದರ ಮೀಟರಿಗೆ 25 ಗಿಡವನ್ನು 75 ಸೆಂ.ಮೀ. ಸಾಲಿನಲ್ಲಿ ಇಡಬೇಕಾದರೆ ಗಿಡದಿಂದ ಗಿಡಕ್ಕೆ ಸುಮಾರು 5.3 ಸೆಂ.ಮೀ. ಮಾತ್ರ ಸಿಗುತ್ತದೆ. ಅದೇ 40 ಸೆಂ.ಮೀ. ಸಾಲಿನಲ್ಲಿ 10 ಸೆಂ.ಮೀ. ಸಿಗುತ್ತದೆ. ಮೊದಲನೆಯದರಲ್ಲಿ ಗಿಡಗಳು ಸಾಲಿನೊಳಗೆ ಕಿತ್ತಾಡುತ್ತವೆ, ಸಾಲುಗಳ ನಡುವೆ ನೆಲ ಖಾಲಿ. ಎರಡನೆಯದರಲ್ಲಿ ನೆಲ ಬೇಗ ಮುಚ್ಚುತ್ತದೆ, ಬಿಸಿಲು ಕಡಿಮೆ ಪೋಲಾಗುತ್ತದೆ, ಕಳೆಗೆ ಬೆಳಕು ಸಿಗುವುದಿಲ್ಲ. ಬೀನ್ಸ್‌ಗೆ ಮೊದಲ ನಾಲ್ಕಾರು ವಾರದ ಕಳೆಯೇ ದೊಡ್ಡ ಶತ್ರು.

ಎರಡನೇ ಗುಂಪಿನ ನೆಟ್ಟಗೆ ನಿಲ್ಲುವ ತಳಿಗಳಿಗೆ ಹತ್ತಿರದ ಸಾಲು ಹೇಳಿ ಮಾಡಿಸಿದ್ದು. ಗಿಡ ಪಕ್ಕಕ್ಕೆ ಹರಡದ ಕಾರಣ ಅಗಲ ಸಾಲಿನ ಖಾಲಿಯನ್ನು ಅದು ತುಂಬಲಾರದು. ಸಾಲು ಹತ್ತಿರ ಮಾಡಿದರೆ ಎಡೆಕುಂಟೆ ಹೊಡೆಯಲು ಜಾಗ ಇರುವುದಿಲ್ಲ ಎನ್ನುವುದು ನಿಜವಾದ ತೊಂದರೆ. ಮೊದಲ ಕಳೆಯನ್ನು ಬೇರೆ ರೀತಿ ನಿಭಾಯಿಸುವ ದಾರಿ ಇದ್ದರೆ ಮಾತ್ರ ಇದಕ್ಕೆ ಕೈಹಾಕಿ.

ಹತ್ತಿರ ಬಿತ್ತಿದರೆ ರೋಗ ಜಾಸ್ತಿ ಅಲ್ವಾ?

ಯಾವ ರೋಗ, ಯಾವ ಹವೆ ಎನ್ನುವುದರ ಮೇಲೆ ಹೋಗುತ್ತದೆ. ತಂಪು ಮತ್ತು ತೇವ ಇರುವ ಕಡೆ ಬಿಳಿ ಬೂಷ್ಟಿನ ಕೊಳೆರೋಗಕ್ಕೆ ದಟ್ಟ ಬೆಳೆ ಬಹಳ ಇಷ್ಟ. ಇದರ ಶಿಲೀಂಧ್ರ ಮಣ್ಣಿನಲ್ಲಿ ಕಪ್ಪು ಗಂಟುಗಳಾಗಿ ವರ್ಷಗಟ್ಟಲೆ ಉಳಿಯುತ್ತದೆ. ಉದುರಿದ ಹೂವಿನ ಮೇಲೆ ಮೊದಲು ಬೆಳೆದು ಅಲ್ಲಿಂದ ಕಾಂಡಕ್ಕೆ ಇಳಿಯುತ್ತದೆ. ಎಲೆ ಬೇಗ ಒಣಗದಿದ್ದರೆ ಅದಕ್ಕೆ ಹಬ್ಬ. ಅಂಥ ಹೊಲದಲ್ಲಿ ಹರಡುವ ತಳಿಯನ್ನು ಹತ್ತಿರ ಬಿತ್ತುವುದು ತೊಂದರೆಯನ್ನು ಕರೆದಂತೆ. ನೆಟ್ಟಗಿನ ತಳಿ ಹಾಕಿದರೆ ಕೆಳಗೆ ಗಾಳಿ ಆಡುತ್ತದೆ, ಕಾಯಿ ನೆಲದಿಂದ ಮೇಲಿರುತ್ತದೆ. ಅಂದರೆ ತಳಿ ಬದಲಿಸಿದರೆ ಹತ್ತಿರದ ಅಂತರವೂ ನಡೆಯುತ್ತದೆ. ಒಣ ಹವೆಯಲ್ಲಿ ಈ ಚಿಂತೆ ಅಷ್ಟಿಲ್ಲ.

ನೀರು ಕಮ್ಮಿ ಇರುವ ಹೊಲಕ್ಕೆ ಎಷ್ಟು ಗಿಡ?

ಕಡಿಮೆ ಮಾಡಿ, ಆದರೆ ಕಾರಣ ತಿಳಿದು ಮಾಡಿ. ಬೆಳೆ ಮಣ್ಣಿನಲ್ಲಿ ಉಳಿದ ತೇವದ ಮೇಲೇ ನಿಂತಿದೆ, ಕೊನೆಯಲ್ಲಿ ಮಳೆ ಇಲ್ಲ ಎಂದರೆ ದಟ್ಟ ಬೆಳೆ ಆ ತೇವವನ್ನು ಹೂವಿಗೆ ಮೊದಲೇ ಕುಡಿದು ಮುಗಿಸುತ್ತದೆ. ಕಾಳು ತುಂಬುವಾಗ ಏನೂ ಇರುವುದಿಲ್ಲ, ಜೊಳ್ಳು ಸಿಗುತ್ತದೆ. ಅಲ್ಲಿ ಶಿಫಾರಸಿನ ಕೆಳ ಅಂಚನ್ನು ಹಿಡಿಯಿರಿ. ನಡುನಡುವೆ ಸಣ್ಣ ಮಳೆ ಬರುವ ಕಡೆ ಬೇರೆ ಲೆಕ್ಕ. ಅಲ್ಲಿ ತೀರಾ ವಿರಳ ಇಟ್ಟರೆ ಬರೀ ನೆಲದಿಂದಲೇ ನೀರು ಆವಿಯಾಗಿ ಹೋಗುತ್ತದೆ. ತಳಿಯಲ್ಲಿ ಅಲ್ಪಾವಧಿಯದು ಮತ್ತು ಆಳ ಬೇರಿನದು ಅಂತ್ಯದ ಬರಕ್ಕೆ ಒಳ್ಳೆಯದು.

ಗೊಬ್ಬರ ಜಾಸ್ತಿ ಕೊಟ್ಟು ಗಿಡವನ್ನೂ ಜಾಸ್ತಿ ಹಾಕಬಹುದಾ?

ಬಿಸಿಲನ್ನು ಗೊಬ್ಬರದಿಂದ ಹೆಚ್ಚಿಸಲು ಆಗುವುದಿಲ್ಲ, ಅಲ್ವಾ? ಫಲವತ್ತಾದ ನೆಲದಲ್ಲಿ ಪ್ರತಿ ಗಿಡ ದೊಡ್ಡದಾಗುತ್ತದೆ, ಬೇಗ ನೆಲ ಮುಚ್ಚುತ್ತದೆ. ಅಲ್ಲಿ ಕಡಿಮೆ ಗಿಡವೇ ಸಾಕು. ಸಪ್ಪೆ ನೆಲದಲ್ಲಿ ಗಿಡ ಚಿಕ್ಕದಾಗಿಯೇ ಉಳಿಯುತ್ತದೆ, ಸ್ವಲ್ಪ ಹತ್ತಿರ ಹಾಕಿದರೆ ನಡೆಯುತ್ತದೆ. ಜನ ಮಾಡುವುದು ಹೆಚ್ಚಾಗಿ ಇದರ ತಿರುಗುಮುರುಗು.

ದ್ವಿದಳ ಬೆಳೆಗಳಲ್ಲಿ ಬೀನ್ಸ್ ಗಾಳಿಯ ಸಾರಜನಕ ಹಿಡಿಯುವುದರಲ್ಲಿ ಹಿಂದೆ. ಸಾರಜನಕ ಹಿಡಿಯುವ ಅದರ ಬೇರುಗಂಟು ಕೆಲಸ ಶುರು ಮಾಡುವುದು ತಡ. ಹಾಗಾಗಿ ಆರಂಭಕ್ಕೆ ಸ್ವಲ್ಪ ಸಾರಜನಕ ಬೇಕಾಗುತ್ತದೆ. ಜಾಸ್ತಿ ಸುರಿದರೆ ಬೇರುಗಂಟು ಕಟ್ಟುವುದನ್ನೇ ಗಿಡ ಬಿಟ್ಟುಬಿಡುತ್ತದೆ, ಎಲೆ ಸೊಕ್ಕುತ್ತದೆ. ರಂಜಕದ ಕೊರತೆ ಇದ್ದರೆ ಮೊದಲು ಅದನ್ನು ಸರಿಪಡಿಸಿ. ಅದಿಲ್ಲದೆ ಯಾವ ಅಂತರವೂ ಫಲ ಕೊಡುವುದಿಲ್ಲ.

ಮುಸುಕಿನ ಜೋಳದ ಜೊತೆ ಹಾಕಿದರೆ ಅಂತರ ಹೇಗೆ?

ಬಳ್ಳಿ ಜೋಳದ ದಂಟನ್ನೇ ಕೋಲು ಮಾಡಿಕೊಳ್ಳುತ್ತದೆ. ಹುರುಪಿನ ಬಳ್ಳಿಯಾದರೆ ಜೋಳ ಎರಡು ಮೂರು ವಾರ ಮುಂದಿರಲಿ, ದಂಟು ಗಟ್ಟಿ ಇರುವ ತಳಿಯಾಗಲಿ. ಇಲ್ಲದಿದ್ದರೆ ಎರಡೂ ಒಟ್ಟಿಗೆ ಬೀಳುತ್ತವೆ. ಪೊದೆ ಬೀನ್ಸ್ ಆದರೆ ಜೋಳದ ಸಾಲು ಅಗಲ ಮಾಡಿ ನಡುವೆ ಎರಡು ಸಾಲು ಹಾಕುವುದು ಒಳ್ಳೆಯದು. ಬೇಗ ಮುಗಿಯುವ ತಳಿ ಆರಿಸಿ, ಜೋಳದ ನೆರಳು ದಟ್ಟವಾಗುವ ಮೊದಲೇ ಅದು ಕಾಯಿ ಕಟ್ಟಿರಬೇಕು. ಬೀನ್ಸ್ ಮಾತ್ರ ನೋಡಿದರೆ ಇಳುವರಿ ಇಳಿದಿರುತ್ತದೆ. ಎರಡೂ ಬೆಳೆ ಕೂಡಿಸಿ ಲೆಕ್ಕ ಹಾಕಿ.

ನನ್ನ ಹೊಲಕ್ಕೆ ಯಾವ ಅಂತರ ಸರಿ ಅಂತ ನಾನೇ ಹೇಗೆ ಕಂಡುಕೊಳ್ಳಲಿ?

ಪಟ್ಟಿ ಪ್ರಯೋಗ ಮಾಡಿ. ಎರಡು ತಳಿ, ಮೂರು ಅಂತರ ಸಾಕು. ಸಾಲಿನ ಅಂತರ ಬದಲಿಸಬೇಡಿ, ಸಾಲಿನೊಳಗಿನ ಅಂತರ ಮಾತ್ರ ಬದಲಿಸಿ. ಉದಾಹರಣೆಗೆ 40 ಸೆಂ.ಮೀ. ಸಾಲಿನಲ್ಲಿ ಗಿಡ 7, 10, 15 ಸೆಂ.ಮೀ.ಗೆ. ಬೀಜ ಸ್ವಲ್ಪ ಜಾಸ್ತಿ ಹಾಕಿ, ಹುಟ್ಟಿದ ಮೇಲೆ ಕಿತ್ತು ಸರಿಯಾದ ಅಂತರಕ್ಕೆ ತನ್ನಿ. ಆರು ಜೋಡಿಯನ್ನೂ ಹೊಲದ ಮೂರು ಬೇರೆ ಕಡೆ, ಪ್ರತಿ ಕಡೆಯಲ್ಲೂ ಚೀಟಿ ಎತ್ತಿ ಬೇರೆ ಬೇರೆ ಕ್ರಮದಲ್ಲಿ ಇಡಿ. ಒಂದೇ ಕಡೆ ಇಟ್ಟರೆ ಗೆದ್ದದ್ದು ಅಂತರವೋ ಆ ಜಾಗದ ಮಣ್ಣೋ ಗೊತ್ತಾಗುವುದಿಲ್ಲ.

ಪ್ರತಿ ಪಟ್ಟಿಯಲ್ಲಿ ಕನಿಷ್ಠ ನಾಲ್ಕು ಸಾಲು ಇರಲಿ, ನಡುವಿನ ಎರಡನ್ನು ಮಾತ್ರ ಕೊಯ್ದು ತೂಗಿ. ಅಂಚಿನ ಸಾಲಿಗೆ ಪಕ್ಕದ ಪಟ್ಟಿಯ ಪ್ರಭಾವ ಇರುತ್ತದೆ. ತೂಗುವ ಮೊದಲು ಎಲ್ಲ ಕಾಳನ್ನೂ ಒಂದೇ ಹದಕ್ಕೆ ಒಣಗಿಸಿ. ಕೊಯ್ಲಿನ ದಿನ ನಿಂತಿರುವ ಗಿಡ ಎಣಿಸಿ, ಐದಾರು ಗಿಡಗಳ ಕಾಯಿ ಎಣಿಸಿ ಬರೆದಿಡಿ. ಇಳುವರಿ ಏಕೆ ಹಾಗೆ ಬಂತು ಎಂದು ಹೇಳುವುದು ಆ ಎಣಿಕೆಯೇ.

ಮೂರು ಅಂತರದಲ್ಲೂ ತೂಕ ಹೆಚ್ಚುಕಡಿಮೆ ಒಂದೇ ಬಂದರೆ ಪ್ರಯೋಗ ಸೋತಿತು ಎಂದುಕೊಳ್ಳಬೇಡಿ. ಆ ತಳಿ ಕಡಿಮೆ ಬೀಜದಲ್ಲೇ ಜಾಗ ತುಂಬುತ್ತದೆ ಎಂದು ಅರ್ಥ. 15 ಸೆಂ.ಮೀ. ಇಟ್ಟು ಬೀಜ ಉಳಿಸಿ.

ಮುಂದಿನ ವರ್ಷ ತಳಿ ಬದಲಿಸಿದರೆ ಅದೇ ಅಂತರ ನಡೆಯುತ್ತದಾ?

ಗಿಡದ ಗುಂಪು ಅದೇ, ಅವಧಿಯೂ ಅದೇ ಆದರೆ ಅಂತರ ಅದೇ ಇರಲಿ. ಬೀಜದ ತೂಕ ಮಾತ್ರ ಹೊಸದಾಗಿ ಲೆಕ್ಕ ಹಾಕಿ. ಗುಂಪು ಬದಲಾದರೆ ಅಂತರವನ್ನೂ ಹೊಸದಾಗಿ ನೋಡಬೇಕು. ಬೀಜ ಕೊಡುವವರನ್ನು ಮೂರು ಪ್ರಶ್ನೆ ಕೇಳಿ: ಗಿಡ ನೆಟ್ಟಗಿರುತ್ತದೋ ಹರಡುತ್ತದೋ, 100 ಕಾಳಿನ ತೂಕ ಎಷ್ಟು, ಬಿತ್ತಿದ ಎಷ್ಟು ದಿನಕ್ಕೆ ಹೂ. ಮೂರಕ್ಕೂ ಉತ್ತರ ಸಿಗದ ಬೀಜವಾದರೆ ಮೊದಲ ವರ್ಷ ಕೆಲವು ಸಾಲು ಮಾತ್ರ ಹಾಕಿ.